ಕುಸಿಯದ ಇಳಿಜಾರಿನ ಸಾಕ್ಷ್ಯ

ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ ಡೆಹ್ರಾಡೂನಿಗೆ ಹೊರಡುವ ವಿಮಾನಗಳಲ್ಲಿ ಬೆನ್ನುಚೀಲ ಹೊತ್ತ ತರುಣ ತರುಣಿಯರು ಎದ್ದು ಕಾಣುತ್ತಾರೆ. ಕೇದಾರಕಂಠ, ಬ್ರಹ್ಮತಾಲ್, ಕುಆರಿ ಪಾಸ್ ಎಂಬ ಹೆಸರುಗಳು ಈಗ ನಮ್ಮ ಮನೆಗಳಲ್ಲಿ ಕೊಡಚಾದ್ರಿ, ಕುಮಾರಪರ್ವತಗಳಷ್ಟೇ ಸಲೀಸಾಗಿ ಓಡಾಡುತ್ತಿವೆ. ಈ ಸಲ ನನ್ನ ತಂಗಿಯ ಮಗನೂ ಹೊರಟಿದ್ದಾನೆ. ಹೊಸ ಬೂಟು, ದಪ್ಪ ಕೋಟು, ಎರಡು ಜೊತೆ ಕೈಗವಸು ಎಲ್ಲವನ್ನೂ ತಂದು ತೋರಿಸಿದ. ಹಿಂದೊಮ್ಮೆ ಹಿಮದಲ್ಲಿ ನಡೆದವನೆಂಬ ಕಾರಣಕ್ಕೆ ನನ್ನಿಂದ ಸಲಹೆ ಬೇಕೆಂದ. ಸಲಹೆಯ ಬದಲು ಒಂದು ಪ್ರಶ್ನೆ ಕೊಟ್ಟೆ. 'ಯಾವ ಪರಿಸ್ಥಿತಿ ಕಂಡರೆ ನಮ್ಮನ್ನು ಅರ್ಧದಾರಿಯಿಂದ ಹಿಂದಕ್ಕೆ ಕರೆತರುತ್ತೀರಿ, ಆ ತೀರ್ಮಾನ ಯಾರದು ಎಂದು ಚಾರಣ ಏರ್ಪಡಿಸಿದವರನ್ನು ಕೇಳು' ಎಂದೆ. ಕೇಳಿದ. ಎರಡು ದಿನಗಳ ಮೇಲೆ ಉತ್ತರ ಬಂತು: ಚಾರಣ ಮಧ್ಯದಲ್ಲಿ ನಿಂತರೆ ಶುಲ್ಕವನ್ನು ಹಿಂದಿರುಗಿಸಲಾಗುವುದಿಲ್ಲ. ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಅಂಥದೇ ಲೆಕ್ಕಾಚಾರದಿಂದ ನಾನೊಮ್ಮೆ ಒಬ್ಬ ತಿಳಿದ ಮನುಷ್ಯನಿಗೆ ಅನ್ಯಾಯ ಮಾಡಿದ್ದೇನೆ.

14 ವರ್ಷಗಳ ಹಿಂದಿನ ಫೆಬ್ರುವರಿಯ ಮಾತು. ನಮ್ಮ ಬ್ಯಾಂಕಿನ ಹನ್ನೊಂದು ಮಂದಿ ಸಹೋದ್ಯೋಗಿಗಳು ಉತ್ತರಾಖಂಡದ ಚಮೋಲಿ ಜಿಲ್ಲೆಯ ಕುಆರಿ ಪಾಸ್‌ಗೆ ಹೊರಟಿದ್ದೆವು. ಜೋಶಿಮಠದ ಮೇಲಿನ ಕಾಡುಗಳನ್ನು ಹಾದು ಮರಗಳ ಅಂಚಿನಲ್ಲಿ ಗುಡಾರ ಹಾಕಿದ ರಾತ್ರಿಯೇ ಹಿಮ ಸುರಿಯತೊಡಗಿತು. ಎರಡು ದಿನ ಗುಡಾರದೊಳಗೆ ಇಸ್ಪೀಟು, ಅಂತ್ಯಾಕ್ಷರಿ, ಸೂಪು. ಮೂರನೆಯ ಬೆಳಿಗ್ಗೆ ಜಗತ್ತು ಆಗತಾನೇ ತೊಳೆದಿಟ್ಟಂತಿತ್ತು. ನೀಲಿ ಆಕಾಶ, ದ್ರೋಣಗಿರಿಯ ಹಿಂದೆ ನಂದಾದೇವಿ, ಗಾಳಿಯ ಸುಳಿವಿಲ್ಲ. ಇಂಥ ದಿನಕ್ಕಾಗಿಯೇ ನಾವು ಗಳಿಕೆ ರಜೆ ಕೂಡಿಟ್ಟುಕೊಂಡು ಬಂದದ್ದು.

ಒಂದೂವರೆ ಗಂಟೆ ನಡೆದ ಮೇಲೆ ಒಂದು ದೊಡ್ಡ ಬೋಳು ಇಳಿಜಾರು ಎದುರಾಯಿತು. ಅದನ್ನು ಅಡ್ಡ ಹಾಯ್ದರೆ ಮುಂದಿನದು ಸುಲಭ. ನಮ್ಮ ಮಾರ್ಗದರ್ಶಿ ಆ ಸೀಮೆಯ ಹಳ್ಳಿಯವರೇ, ನಲವತ್ತರ ಆಸುಪಾಸಿನ ಮಿತಭಾಷಿ. ಇಳಿಜಾರಿಗೆ ಇನ್ನೂ ಇಪ್ಪತ್ತು ಮಾರು ದೂರವಿರುವಾಗ, ನಾವು ನಿಂತ ಸಮತಟ್ಟಾದ ಹಿಮದ ಅಡಿಯಿಂದ 'ಧುಪ್' ಎಂದು ಒಂದು ಸದ್ದು ಬಂತು. ಅಟ್ಟದ ಮೇಲೆ ಹತ್ತಿಯ ಮೂಟೆ ಎತ್ತಿಹಾಕಿದಂಥ ಸದ್ದು. ಕಾಲ ಕೆಳಗಿನ ನೆಲ ಒಂದಿಷ್ಟು ಕುಗ್ಗಿದಂತಾಯಿತು. ನಮಗದು ತಮಾಷೆಯೆನಿಸಿತು. ಅವರು ಮಾತ್ರ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. ಪಕ್ಕಕ್ಕೆ ಸರಿದು ಸಲಿಕೆಯಿಂದ ಸೊಂಟದಾಳದ ಗುಂಡಿ ತೋಡಿದರು. ಅದರ ಗೋಡೆಯನ್ನು ನುಣ್ಣಗೆ ಕೆತ್ತಿ, ಮೇಲಿನಿಂದ ಕೆಳಕ್ಕೆ ಬೆರಳಿನಿಂದ ಒತ್ತುತ್ತಾ ಹೋದರು. ತಳದಲ್ಲಿ ಬೆರಳು ತಾನಾಗಿ ಒಳಕ್ಕೆ ಹೋಯಿತು. ಅಲ್ಲಿಂದ ಒಂದು ಹಿಡಿ ಹಿಮ ತೆಗೆದು ನನ್ನ ಅಂಗೈಗೆ ಸುರಿದರು. ಉಂಡೆಯಾಗದ, ಸಕ್ಕರೆಯ ಹರಳಿನಂತೆ ಬೆರಳ ಸಂದಿಯಿಂದ ಜಾರಿಹೋಗುವ ಹಿಮ. 'ಇವತ್ತು ಬೇಡ' ಎಂದರು. ಅಷ್ಟೇ.

ನಾವು ಬಿಡಲಿಲ್ಲ. ಬೆಳಿಗ್ಗೆ ಬೇಗ ಹೊರಟಿದ್ದ ಇನ್ನೊಂದು ತಂಡ ಅದೇ ಇಳಿಜಾರನ್ನು ದಾಟಿದ ಹೆಜ್ಜೆಗಳು ಕಣ್ಣೆದುರಿಗೇ ಇದ್ದವು. ಅವರು ಹೋಗಿಲ್ಲವೇ, ನಮ್ಮ ಕಾಲಿಗೇನಾಗಿದೆ ಎಂದು ವಾದಿಸಿದೆವು. ಹೆಚ್ಚು ಜೋರಾಗಿ ವಾದಿಸಿದವನು ನಾನೇ. ಅವರು ಚೀಲ ಹೆಗಲಿಗೇರಿಸಿ ಬಂದ ದಾರಿಯಲ್ಲಿ ಇಳಿಯತೊಡಗಿದರು. ಬೇರೆ ಉಪಾಯವಿಲ್ಲದೆ ನಾವೂ ಇಳಿದೆವು. ಮಧ್ಯಾಹ್ನ ಆ ಇನ್ನೊಂದು ತಂಡ ನಗುನಗುತ್ತಾ ಹಿಂದಿರುಗಿತು. ಎಲ್ಲರೂ ಕ್ಷೇಮ, ಎಲ್ಲರ ಬಳಿಯೂ ಚಿತ್ರಗಳು. ಇಳಿಜಾರು ಆ ದಿನ ಕುಸಿಯಲಿಲ್ಲ, ಮರುದಿನ ನಾವು ಗಂಟುಮೂಟೆ ಕಟ್ಟುವವರೆಗೂ ಕುಸಿಯಲಿಲ್ಲ. ಬೆಂಗಳೂರಿಗೆ ಬಂದ ವಾರದಲ್ಲೇ ದೂರುಪತ್ರ ಬರೆದೆವು. ಒಕ್ಕಣೆ ನನ್ನದು. ಬ್ಯಾಂಕಿನವನಲ್ಲವೇ, ಅಂಶವಾರು ಬರೆದಿದ್ದೆ: ಹವಾಮಾನ ಉತ್ತಮವಾಗಿದ್ದರೂ, ಇತರ ತಂಡಗಳು ಯಶಸ್ವಿಯಾಗಿದ್ದರೂ, ಮಾರ್ಗದರ್ಶಿಯ ಅನಗತ್ಯ ಭೀತಿಯಿಂದಾಗಿ... ಹೀಗೆ. ಸಂಸ್ಥೆ ವಿಷಾದ ಸೂಚಿಸಿ ಮುಂದಿನ ಚಾರಣಕ್ಕೆ ರಿಯಾಯಿತಿ ಕೊಟ್ಟಿತು. ಮರುವರ್ಷ ಅದೇ ದಾರಿಯಲ್ಲಿ ಹೋದ ಸಹೋದ್ಯೋಗಿಯೊಬ್ಬರು, ಆ ಮನುಷ್ಯ ಈಗ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಸುವ ಕೆಲಸದಲ್ಲಿದ್ದಾರೆಂದು ಹೇಳಿದರು. ಅದಕ್ಕೂ ನಮ್ಮ ಪತ್ರಕ್ಕೂ ಸಂಬಂಧವಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯವಿರಲಿಲ್ಲ ಎಂಬುದು ಹೆಚ್ಚು ನಿಜ.

ಅವರು ಆ ಗುಂಡಿಯ ಗೋಡೆಯಲ್ಲಿ ಏನನ್ನು ಓದಿದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಭಾಷೆಯಲ್ಲೇ ನಮಗೊಂದು ತೊಡಕಿದೆ. ಕನ್ನಡ ಪತ್ರಿಕೆಗಳಲ್ಲಿ 'ಶಿಮ್ಲಾದಲ್ಲಿ ಹಿಮಪಾತ, ಪ್ರವಾಸಿಗರ ಸಂಭ್ರಮ' ಎಂದೂ ಬರುತ್ತದೆ, 'ಹಿಮಪಾತಕ್ಕೆ ಯೋಧರ ಬಲಿ' ಎಂದೂ ಬರುತ್ತದೆ. ಆಕಾಶದಿಂದ ಉದುರುವುದಕ್ಕೂ ಬೆಟ್ಟದಿಂದ ಕಿತ್ತುಬರುವುದಕ್ಕೂ ಒಂದೇ ಪದ. 2024ರ ಜೂನ್‌ನಲ್ಲಿ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋಗಿದ್ದ ಚಾರಣಿಗರಲ್ಲಿ ಒಂಬತ್ತು ಮಂದಿ ತೀರಿಕೊಂಡಾಗಲೂ ಇದೇ ಗೊಂದಲವಾಯಿತು. ಅವರನ್ನು ಕೊಂದದ್ದು ಬಿರುಗಾಳಿ ಮತ್ತು ಚಳಿ, ಬೆಟ್ಟದ ಕುಸಿತವಲ್ಲ. ಹಿಮಕುಸಿತ ಎಂಬ ಒಳ್ಳೆಯ ಪದ ನಮ್ಮಲ್ಲಿದೆ, ಅದನ್ನು ಬಳಸಿದರೆ ಅರ್ಧ ತಿಳಿವಳಿಕೆ ತಾನಾಗಿ ಬರುತ್ತದೆ. 2018ರ ಕೊಡಗನ್ನೂ 2024ರ ಶಿರೂರನ್ನೂ ಕಂಡ ನಾವು, ಗುಡ್ಡವೊಂದು ಒಂದೇ ರಾತ್ರಿಯಲ್ಲಿ ಕುಸಿಯಲು ಸಿದ್ಧವಾಗುವುದಿಲ್ಲ ಎಂಬುದನ್ನು ಬಲ್ಲೆವು. ಹಿಮದ ಕತೆಯೂ ಹಾಗೆಯೇ, ಅವಧಿ ಮಾತ್ರ ಒಂದು ಚಳಿಗಾಲದ್ದು.

ಬೆಟ್ಟದ ಮೇಲೆ ಬಿದ್ದ ಹಿಮ ಒಂದೇ ರಾಶಿಯಲ್ಲ, ಪದರ ಪದರವಾಗಿ ಕೂತಿರುತ್ತದೆ. ಪ್ರತಿ ಹಿಮಮಳೆಯೂ ಒಂದು ಪದರ. ನಡುವಿನ ಬಿಸಿಲು, ಗಾಳಿ, ಚಳಿ ಒಂದೊಂದು ಪದರಕ್ಕೂ ಬೇರೆ ಬೇರೆ ಗುಣ ಕೊಡುತ್ತವೆ. ಚಿರೋಟಿಯನ್ನು ಅಡ್ಡ ಮುರಿದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಪಾಯದ ಬೀಜ ಬಿತ್ತಿಕೊಳ್ಳುವುದು ಅನೇಕ ಸಲ ಚಳಿಗಾಲದ ಆರಂಭದಲ್ಲಿ, ಹಿಮ ಇನ್ನೂ ತೆಳುವಾಗಿರುವಾಗ. ನೆಲಕ್ಕೆ ತಾಗಿದ ಹಿಮದ ಉಷ್ಣಾಂಶ ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ. ಮೇಲ್ಮೈ ಮಾತ್ರ ಬಯಲು ರಾತ್ರಿಗಳಲ್ಲಿ ಮೈನಸ್ ಹದಿನೈದು, ಇಪ್ಪತ್ತಕ್ಕೆ ಇಳಿಯುತ್ತದೆ. ಹಿಮ ತೆಳುವಾದಷ್ಟೂ ಈ ವ್ಯತ್ಯಾಸ ತೀವ್ರ. ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಳದ ಹಿಮದಿಂದ ನೀರಾವಿ ಮೇಲಕ್ಕೆ ಚಲಿಸಿ, ಒಂದನ್ನೊಂದು ಹಿಡಿದುಕೊಂಡಿದ್ದ ಸಣ್ಣ ಕಣಗಳು ಮೂಲೆಮೂಲೆಯ ಬಿಡಿ ಹರಳುಗಳಾಗಿ ಬದಲಾಗುತ್ತವೆ. ನನ್ನ ಅಂಗೈಯಲ್ಲಿ ಜಾರಿದ್ದು ಇದೇ. ಅದರ ಮೇಲೆ ಜನವರಿ, ಫೆಬ್ರುವರಿಯ ಭಾರಿ ಹಿಮ ಬಿದ್ದು, ಗಾಳಿ ಅದನ್ನು ಒತ್ತಿ ಗಟ್ಟಿಮಾಡಿದರೆ ಒಂದು ಹಾಸುಚಪ್ಪಡಿ ಸಿದ್ಧವಾಗುತ್ತದೆ. ನೆಲದ ಮೇಲೆ ರಾಗಿ ಚೆಲ್ಲಿ, ಅದರ ಮೇಲೆ ಹಲಗೆ ಹಾಸಿ, ಆ ನೆಲವನ್ನೇ ಓರೆಯಾಗಿ ಎತ್ತಿ ಹಿಡಿದಂತೆ. ಹಲಗೆ ನಿಂತೇ ಇರುತ್ತದೆ, ಯಾರಾದರೂ ಮೇಲೆ ಕಾಲಿಡುವವರೆಗೆ.

ನಾವು ತಮಾಷೆಯೆಂದುಕೊಂಡ 'ಧುಪ್' ಸದ್ದು ಆ ದುರ್ಬಲ ಪದರ ನಮ್ಮ ಭಾರಕ್ಕೆ ಕುಸಿದ ಸದ್ದು. ಬಯಲಿನಲ್ಲಿದ್ದುದರಿಂದ ಚಪ್ಪಡಿಗೆ ಜಾರಲು ಜಾಗವಿರಲಿಲ್ಲ. ಅದೇ ಬಿರುಕು ಪಕ್ಕದ ಇಳಿಜಾರಿಗೆ ಹಬ್ಬಿದ್ದರೆ ಜಾಗವಿತ್ತು. ಇಂಥ ಹಿಮ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ. ಅದಕ್ಕಿಂತ ಕಡಿದಾದ ಕಡೆ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ, ಅದಕ್ಕಿಂತ ಸಪಾಟಾದ ಕಡೆ ಸುಲಭವಾಗಿ ಜಾರುವುದಿಲ್ಲ. ದುರದೃಷ್ಟವೆಂದರೆ ನಡೆಯಲು, ಹಿಮಜಾರಾಟಕ್ಕೆ ಆಕರ್ಷಕವಾಗಿ ಕಾಣುವ ಇಳಿಜಾರುಗಳೂ ಇವೇ. ಬೆಟ್ಟದ ಒಂದು ಬದಿಯ ಹಿಮವನ್ನು ಗಾಳಿ ಗುಡಿಸಿ ಮರೆಯ ಬದಿಗೆ ಹೊತ್ತು ಹಾಕುತ್ತದೆ. ಆಕಾಶದಿಂದ ಒಂದು ಚೂರೂ ಬೀಳದ ದಿನದಲ್ಲೂ ಹೀಗೆ ಒಂದು ಇಳಿಜಾರಿನ ಭಾರ ಗಂಟೆಗಂಟೆಗೂ ಏರುತ್ತಿರಬಹುದು. ಹಿಮಮಳೆ ನಿಂತ ಮರುದಿನದ ನೀಲಿ ಆಕಾಶವನ್ನು ಹಿಮ ಬಲ್ಲವರು ಅನುಮಾನದಿಂದ ನೋಡುವುದು ಇದಕ್ಕಾಗಿ. ಹೊಸ ಭಾರವಿನ್ನೂ ಹೊಂದಿಕೊಂಡಿರುವುದಿಲ್ಲ, ಮನುಷ್ಯನಿಗೋ ಹೊರಗೆ ಹೋಗುವ ಆತುರ.

ಎಷ್ಟು ಭಾರ ಎಂಬುದನ್ನು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಐವತ್ತು ಮೀಟರ್ ಉದ್ದ, ಐವತ್ತು ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಸಾಧಾರಣ ಚಪ್ಪಡಿ ಎಂದುಕೊಳ್ಳಿ. ಘನಮೀಟರಿಗೆ ಇನ್ನೂರು ಕಿಲೋ ಹಿಡಿದರೂ 250 ಟನ್, ಅಂದರೆ ಹತ್ತು ಟನ್ನಿನ ಲಾರಿಗಳಾದರೆ ಇಪ್ಪತ್ತೈದು. ಇದು ಕೆಲವೇ ಕ್ಷಣಗಳಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗ ಪಡೆಯಬಲ್ಲದು. ನಿಂತ ಕೂಡಲೇ ಪುಡಿಯಾಗಿದ್ದ ಹಿಮ ಪರಸ್ಪರ ಬೆಸೆದುಕೊಂಡು ಗಾರೆಯಂತೆ ಗಟ್ಟಿಯಾಗುತ್ತದೆ. ಒಳಗೆ ಸಿಕ್ಕವನಿಗೆ ಬೆರಳಾಡಿಸಲೂ ಸಾಧ್ಯವಾಗದಿರಬಹುದು.

ಹಿಮದಡಿಯ ಬದುಕಿನ ಬಗ್ಗೆ ಕನ್ನಡಿಗರಾದ ನಮ್ಮಲ್ಲಿ ಉಳಿದಿರುವ ನೆನಪು ಒಂದೇ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರ ಮೇಲೆ ಹಿಮಗೋಡೆ ಕುಸಿಯಿತು. ಅವರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತ ಸಿಕ್ಕರು. ಇಡೀ ನಾಡು ದೇವರಿಗೆ ಹರಕೆ ಹೊತ್ತಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಪವಾಡ ನಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿ ಕೂತಿದೆಯೆಂದರೆ, ಹಿಮದಡಿ ಸಿಕ್ಕವರನ್ನು ದಿನಗಳ ನಂತರವೂ ಹುಡುಕಿ ತೆಗೆಯಬಹುದೆಂಬ ಭ್ರಮೆ ವಿದ್ಯಾವಂತರಲ್ಲೂ ಇದೆ. ಅವರಿದ್ದ ಗುಡಾರದೊಳಗೆ ಗಾಳಿಯ ಪೊಟರೆಯೊಂದು ಉಳಿದಿತ್ತು. ಬಯಲಿನಲ್ಲಿ ನಡೆಯುತ್ತಿರುವ ಚಾರಣಿಗನಿಗೆ ಅಂಥ ಪೊಟರೆ ಸಿಗುವುದು ಅಪರೂಪ. ಸ್ವಿಟ್ಜರ್ಲೆಂಡಿನಲ್ಲಿ 1981ರಿಂದ 2020ರವರೆಗೆ ಹೂತುಹೋದವರ ವಿವರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಬೇರೆಯದೇ ಲೆಕ್ಕ. ಹತ್ತು ನಿಮಿಷದೊಳಗೆ ಹೊರತೆಗೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕುತ್ತಾರೆ. ಅಲ್ಲಿಂದ ಅರ್ಧ ಗಂಟೆಯಾಗುವಷ್ಟರಲ್ಲಿ ಅದು ಹತ್ತಕ್ಕೆ ಮೂರಕ್ಕೆ ಇಳಿದಿರುತ್ತದೆ. ಹೆಚ್ಚಿನವರು ಸಾಯುವುದು ಉಸಿರುಕಟ್ಟಿ.

ಹತ್ತು ನಿಮಿಷದಲ್ಲಿ ಯಾವ ಹೆಲಿಕಾಪ್ಟರೂ ಬರುವುದಿಲ್ಲ. ಬದುಕಿಸಬಲ್ಲವರು ಜೊತೆಗಿರುವವರೇ. ಅದಕ್ಕೆ ಪ್ರತಿಯೊಬ್ಬರ ಮೈಮೇಲೂ ಸಂಕೇತ ಕಳುಹಿಸುವ ಮತ್ತು ಹಿಡಿಯುವ ಪುಟ್ಟ ಉಪಕರಣ, ಚೀಲದಲ್ಲಿ ಹಿಮಕ್ಕೆ ಚುಚ್ಚಿ ನೋಡುವ ಮಡಚು ಕೋಲು, ಒಂದು ಸಲಿಕೆ ಇರಬೇಕು, ಅವನ್ನು ಬಳಸುವ ಅಭ್ಯಾಸವೂ ಇರಬೇಕು. ನಮ್ಮ ಹನ್ನೊಂದು ಮಂದಿಯಲ್ಲಿ ಯಾರ ಬಳಿಯೂ ಇವು ಇರಲಿಲ್ಲ. ಇದ್ದದ್ದು ಒಂದೇ ಸಲಿಕೆ, ಗುಡಾರದ ಜಾಗ ಸಮಮಾಡಲು ತಂದದ್ದು. ಇಪ್ಪತ್ತೈದು ಲಾರಿ ಹಿಮಕ್ಕೆ ಒಂದು ಸಲಿಕೆ.

ಇಷ್ಟೆಲ್ಲ ಓದಿದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಭೌತವಿಜ್ಞಾನಕ್ಕಿಂತ ನಮ್ಮ ವಾದದ ಧಾಟಿ. ಮನರಂಜನೆಗಾಗಿ ಹಿಮಕ್ಕೆ ಹೋಗಿ ಸತ್ತವರಲ್ಲಿ ಹತ್ತಕ್ಕೆ ಒಂಬತ್ತು ಪ್ರಕರಣಗಳಲ್ಲಿ ಕುಸಿತವನ್ನು ಎಬ್ಬಿಸಿದ್ದು ಸತ್ತವರೇ ಅಥವಾ ಅವರ ಜೊತೆಗಾರರೇ ಎಂಬುದು ಪಾಶ್ಚಾತ್ಯ ದೇಶಗಳ ದೀರ್ಘಕಾಲದ ಅನುಭವ. ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕರು ಅಲ್ಲಿನ ಏಳುನೂರಕ್ಕೂ ಹೆಚ್ಚು ಅಪಘಾತಗಳನ್ನು ಪರಿಶೀಲಿಸಿ 2004ರಲ್ಲಿ ಬರೆದ ಲೇಖನದಲ್ಲಿ, ಎಷ್ಟೋ ಪ್ರಕರಣಗಳಲ್ಲಿ ಅಪಾಯದ ಕುರುಹುಗಳು ಕಣ್ಣೆದುರಿಗೇ ಇದ್ದವೆಂದು ತೋರಿಸಿದರು. ತರಬೇತಿ ಪಡೆದವರೂ ಆ ಕುರುಹುಗಳನ್ನು ದಾಟಿ ನಡೆದಿದ್ದರು. ಪರಿಚಿತ ಜಾಗ, ಹೊರಟ ಮೇಲೆ ಮುಗಿಸಲೇಬೇಕೆಂಬ ಹಟ, ಬೇರೆಯವರು ಹೋಗಿದ್ದಾರೆಂಬ ಧೈರ್ಯ, ತಂಡದ ಹಿರಿಯನ ಮೇಲಿನ ಕುರುಡು ನಂಬಿಕೆ: ಅವರು ಗುರುತಿಸಿದ ಬಲೆಗಳು ಇಂಥವು. ಆ ಪಟ್ಟಿ ಓದುವಾಗ ನನ್ನ ದೂರುಪತ್ರವನ್ನೇ ಯಾರೋ ಶಾಸ್ತ್ರೋಕ್ತವಾಗಿ ವಿಂಗಡಿಸಿಟ್ಟಂತೆ ಕಂಡಿತು.

ಹಿಮದ ದೊಡ್ಡ ಮೋಸವೆಂದರೆ ಅದು ತಪ್ಪು ಉತ್ತರಕ್ಕೂ ಹೆಚ್ಚಿನ ಸಲ ಪೂರ್ಣ ಅಂಕ ಕೊಡುತ್ತದೆ. ಅಪಾಯಕಾರಿ ಇಳಿಜಾರನ್ನು ದಾಟಿದವರಲ್ಲಿ ಬಹುತೇಕರು ಕ್ಷೇಮವಾಗಿಯೇ ದಾಟುತ್ತಾರೆ. ದುರ್ಬಲ ಪದರದ ಮೇಲಿನ ಚಪ್ಪಡಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹತ್ತು ಜನ ದಪ್ಪ ಜಾಗದಲ್ಲಿ ಹೆಜ್ಜೆಯಿಟ್ಟು ಹೋದ ಮೇಲೆ ಹನ್ನೊಂದನೆಯವನ ಕಾಲು ತೆಳು ಜಾಗಕ್ಕೆ ಬೀಳಬಹುದು. ಮೊದಲಿನ ಹತ್ತು ಮಂದಿ ಊರಿಗೆ ಬಂದು, ತಮ್ಮ ತೀರ್ಮಾನ ಸರಿಯಿತ್ತೆಂದು ಪ್ರಾಮಾಣಿಕವಾಗಿ ನಂಬುತ್ತಾರೆ. ಹಿಂದಕ್ಕೆ ತಿರುಗಿದವನಾದರೋ ತಾನು ಸರಿಯೆಂದು ಯಾರಿಗೂ ತೋರಿಸಲಾರ. ಅವನ ಪರವಾಗಿ ಇರುವುದು ನಡೆಯದೇ ಹೋದ ಒಂದು ಘಟನೆ ಮಾತ್ರ. ನಾವು ಬ್ಯಾಂಕಿನಲ್ಲಿ ಸಾಲ ಕೊಡದ ಅಧಿಕಾರಿಯನ್ನು ಹೀಗೆಯೇ ನಡೆಸಿಕೊಳ್ಳುತ್ತಿದ್ದೆವು. ಮುಳುಗದ ಸಾಲಕ್ಕೆ ಯಾರೂ ಬೆನ್ನು ತಟ್ಟುವುದಿಲ್ಲ.

ಜ್ಞಾನವಿದ್ದರೆ ಎಲ್ಲವೂ ಸರಿಹೋಗುತ್ತದೆಂದು ಹೇಳುತ್ತಿಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಕುಸಿತಕ್ಕೆ ಸಿಕ್ಕಿದ್ದು ಪ್ರವಾಸಿಗರ ಗುಂಪಲ್ಲ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ. ಎರಡು ಡಜನ್‌ಗೂ ಹೆಚ್ಚು ಮಂದಿ ಸತ್ತರು, ಬೆಂಗಳೂರಿನ ಯುವಕರೂ ಅವರಲ್ಲಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಹದಿನಾರು ದಿನಗಳ ಅಂತರದಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿದ್ದ ಬೋಧಕಿ ಸವಿತಾ ಕಂಸ್ವಾಲ್ ಕೂಡ ಉಳಿಯಲಿಲ್ಲ. ಅನುಭವಿಗಳಿಗೂ ಹೀಗಾದರೆ ನಮ್ಮಂಥವರ ವಾದಕ್ಕೆ ಎಷ್ಟು ಬೆಲೆ ಎಂಬುದಷ್ಟೇ ನನ್ನ ಪ್ರಶ್ನೆ.

ಎಚ್ಚರಿಕೆ ಕೊಡುವವರು ಇಲ್ಲವೆಂದಲ್ಲ. 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕೆಂದೇ ಸ್ಥಾಪನೆಯಾದ ರಕ್ಷಣಾ ಸಂಶೋಧನಾಲಯ 2020ರಲ್ಲಿ ಚಂಡೀಗಢದ ಹೊಸ ಸಂಸ್ಥೆಯೊಂದರಲ್ಲಿ ವಿಲೀನವಾಯಿತು. ಹಿಮಾಲಯದ ಜಿಲ್ಲೆಗಳಿಗೆ ಮುನ್ನೆಚ್ಚರಿಕೆ ಕೊಡುವ ಕೆಲಸ ಅಲ್ಲಿಂದ ನಡೆಯುತ್ತದೆ. 2025ರ ಫೆಬ್ರುವರಿ 28ರಂದು ಬದರಿನಾಥದ ಆಚೆಯ ಮಾಣಾ ಬಳಿ ಗಡಿ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿದು 54 ಮಂದಿ ಸಿಕ್ಕಿಕೊಂಡರು, ಎಂಟು ಮಂದಿ ಸತ್ತರು. ಹಿಂದಿನ ಸಂಜೆಯೇ ಚಮೋಲಿ ಜಿಲ್ಲೆಗೆ ಎಚ್ಚರಿಕೆ ಹೊರಟಿತ್ತು. ಆ ಕಾರ್ಮಿಕರಿಗೆ ಎದ್ದುಹೋಗುವ ಆಯ್ಕೆ ಎಷ್ಟಿತ್ತೆಂದು ಊಹಿಸಬಹುದು. ಹಣ ಕೊಟ್ಟು ಹೋಗುವ ನಮಗೆ ಆ ಆಯ್ಕೆ ಪೂರ್ತಿಯಾಗಿದೆ, ಅದನ್ನೇ ನಾವು ಬಳಸುವುದಿಲ್ಲ. ಜಿಲ್ಲೆಗೆ ಕೊಟ್ಟ ಎಚ್ಚರಿಕೆ ಕಣ್ಣೆದುರಿನ ಇಳಿಜಾರಿನ ಬಗ್ಗೆ ಏನನ್ನೂ ಹೇಳಲಾರದು ಎಂಬುದೂ ನಿಜ. ಅದಕ್ಕೆ ಸಲಿಕೆ ಹಿಡಿದು ಗುಂಡಿ ತೋಡುವ ಒಬ್ಬ ಮನುಷ್ಯ ಬೇಕು. ಅವನ ಮಾತಿನ ಮೇಲೆ ಸಂಬಳ, ಬಕ್ಷೀಸು, ಗಿರಾಕಿಗಳ ಮೆಚ್ಚುಗೆಯ ಅಂಕ ಯಾವುದೂ ನಿಂತಿರಬಾರದು.

2023ರ ಜನವರಿಯಲ್ಲಿ ಜೋಶಿಮಠದ ಮನೆಗಳ ಗೋಡೆಗಳು ಬಿರುಕುಬಿಟ್ಟ ಸುದ್ದಿ ಬಂದಾಗ ನನ್ನ ಹಳೆಯ ಡೈರಿಯಲ್ಲಿದ್ದ ಅವರ ಸಂಖ್ಯೆಗೆ ಫೋನ್ ಮಾಡಿದೆ. ಎರಡನೆಯ ಸಲಕ್ಕೆ ಎತ್ತಿದರು. ಅವರ ಹಳ್ಳಿ ಪಟ್ಟಣದಿಂದ ದೂರ, ಮನೆಗೆ ಏನೂ ಆಗಿರಲಿಲ್ಲ. ಚಾರಣದ ಕೆಲಸ ಬಿಟ್ಟು ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಬೆಂಗಳೂರಿನ ಹನ್ನೊಂದು ಜನರ ತಂಡವನ್ನು ನೆನಪಿಸಿದೆ, ಇಳಿಜಾರನ್ನು ನೆನಪಿಸಿದೆ, ಕೊನೆಗೆ ಪತ್ರದ ವಿಷಯವನ್ನೂ ಹೇಳಿದೆ. ಅವರಿಗೆ ನಮ್ಮ ಗುರುತು ಹತ್ತಲಿಲ್ಲ. ಅಂಥ ತಂಡಗಳು ಬಹಳ ಬರುತ್ತಿದ್ದವು ಎಂದರು. ಆ ಇಳಿಜಾರು ಮುಂದೆ ಎಂದಾದರೂ ಕುಸಿಯಿತೇ ಎಂದು ಕೇಳಿದೆ. ಕೆಲವು ವರ್ಷ ಕುಸಿಯುತ್ತದೆ, ಕೆಲವು ವರ್ಷ ಇಲ್ಲ ಎಂದರು.

ಮೊನ್ನೆ ತಂಗಿಯ ಮಗನಿಗೆ ಆ ಸಂಖ್ಯೆ ಕೊಟ್ಟೆ. ಇಬ್ಬರೂ ಹದಿನೈದು ನಿಮಿಷ ಮಾತನಾಡಿದರಂತೆ. ಮೇಲಿನ ಶಿಬಿರ ತಲುಪಿದ ಸಂಜೆ, ಸಿಗ್ನಲ್ ಸಿಗುವ ಜಾಗದಿಂದ ತಮಗೆ ಫೋನ್ ಮಾಡಿ ಮೂರು ವಿಷಯ ತಿಳಿಸಬೇಕೆಂದು ಹೇಳಿದ್ದಾರೆ: ಕಳೆದ ಎರಡು ದಿನಗಳಲ್ಲಿ ಹಿಮ ಎಷ್ಟು ಬಿತ್ತು, ಗಾಳಿ ಯಾವ ದಿಕ್ಕಿನಿಂದ ಬೀಸಿತು, ನಡೆಯುವಾಗ ಕಾಲಡಿಯಲ್ಲಿ ಸದ್ದೇನಾದರೂ ಬಂತೇ. ಗಾಳಿ ಬೀಸಿಹೋದ ಮೇಲೆ ಅದರ ದಿಕ್ಕನ್ನು ಹಿಮದ ಮೇಲೆ ಹೇಗೆ ಗುರುತಿಸುವುದೆಂದು ಹುಡುಗ ಈಗ ನನ್ನನ್ನು ಪೀಡಿಸುತ್ತಿದ್ದಾನೆ. ಬಂಡೆಗಳ, ಮರಗಳ ಯಾವ ಬದಿಗೆ ಹಿಮ ದಿಬ್ಬವಾಗಿ ಕೂತಿದೆ ನೋಡು ಎಂದಿದ್ದೇನೆ.